ಸೀಮೆಎಣ್ಣೆ ವಾಸನೆಯ ಕಾಗದಗಳು

1971ರಲ್ಲಿ ನನಗೆ 23 ವರ್ಷ. ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದೆ. ಏರ್‌ಮನ್ ಅಂದರೆ ವಿಮಾನ ಹಾರಿಸುವವನು ಅಂತಲೇ ಊರಿನಲ್ಲಿ ತುಂಬ ಜನ ತಿಳಿದಿದ್ದರು. ಹಾರಿಸುವವರು ಪೈಲಟ್‌ಗಳು, ಆಫೀಸರುಗಳು. ಆ ವಿಮಾನ ಹಾರುವ ಹಾಗೆ ಇಟ್ಟುಕೊಳ್ಳುವುದು ನಮ್ಮ ಕೆಲಸ. ಇದನ್ನು ಸರಿಯಾಗಿ ಕೇಳಿ ತಿಳಿದುಕೊಂಡವಳು ಒಬ್ಬಳೇ, ನನ್ನ ಸೋದರಮಾವನ ಮಗಳು.

ಆ ವರ್ಷ ಬೇಸಿಗೆಯಲ್ಲಿ ರಜೆಗೆ ಬಂದಾಗ ನಮ್ಮಿಬ್ಬರ ಎಲೆ-ಅಡಿಕೆ ಶಾಸ್ತ್ರ ಆಯಿತು. ಮಾವನ ಊರು ತಿಪಟೂರು ಕಡೆ, ತೆಂಗಿನ ಸೀಮೆ. ಚಿಕ್ಕಂದಿನಿಂದ ನೋಡಿದ ಹುಡುಗಿ, ನನ್ನನ್ನು ಭಾವ ಅಂತ ಕರೆಯುತ್ತಿದ್ದವಳು. ಶಾಸ್ತ್ರ ಆದ ಮೇಲೆ ಮಾತ್ರ ಎದುರಿಗೆ ಬರಲು ನಾಚಿಕೊಳ್ಳುತ್ತಿದ್ದಳು. ಹೊರಡುವ ಹಿಂದಿನ ದಿನ ಹಿತ್ತಲಲ್ಲಿ ತೆಂಗಿನ ಸಸಿ ನೆಡುತ್ತಿದ್ದೆವು. ಅಲ್ಲಿ ಅರ್ಧ ಗಂಟೆ ಮಾತಾಡಲು ಸಿಕ್ಕಿತು. ನನ್ನ ಕೆಲಸ ಏನು ಅಂತ ಕೇಳಿದಳು. ನ್ಯಾಟ್ ಅನ್ನುವ ವಿಮಾನದ ಬಗ್ಗೆ ಹೇಳಿದೆ. ಅದು ತುಂಬ ಚಿಕ್ಕದು, ಈ ರೆಕ್ಕೆಯ ತುದಿಯಿಂದ ಆ ರೆಕ್ಕೆಯ ತುದಿಗೆ ಸುಮಾರು 22 ಅಡಿ, ನಿಮ್ಮ ಮನೆ ಜಗಲಿಯಷ್ಟೇ ಉದ್ದ ಅಂದೆ. ಅದನ್ನೂ ಅದರ ಆರ್ಫಿಯಸ್ ಎಂಜಿನ್ನನ್ನೂ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಮಾಡುತ್ತಾರೆ ಅಂದಾಗ ಅವಳ ಮುಖ ಅರಳಿತು. ಬೆಂಗಳೂರಿನದು ಅಂದರೆ ಅವಳಿಗೆ ತನ್ನ ಊರಿನದೇ ಅನ್ನಿಸಿತು.

ಮದುವೆ ಕಾರ್ತೀಕ ಮಾಸಕ್ಕೆ ಅಂತ ನಿಶ್ಚಯವಾಗಿತ್ತು. ನಾನು ಬಂಗಾಳಕ್ಕೆ ವಾಪಸ್ ಹೋದೆ. ನಮ್ಮ ಸ್ಕ್ವಾಡ್ರನ್ 22, ಖರಗ್‌ಪುರದ ಹತ್ತಿರ ಕಲೈಕುಂಡದಲ್ಲಿತ್ತು. ಆಮೇಲೆ ಒಂದು ತುಕಡಿಯನ್ನು ಕಲ್ಕತ್ತೆಯ ದಮ್ ದಮ್ ವಿಮಾನ ನಿಲ್ದಾಣಕ್ಕೆ ಕಳಿಸಿದರು. ಅದರಲ್ಲಿ ನಾನೂ ಇದ್ದೆ. ಅಕ್ಟೋಬರಿನಲ್ಲಿ ರಜೆಗಳೆಲ್ಲ ನಿಂತುಹೋದವು. ಮದುವೆ ಮುಂದಕ್ಕೆ ಹೋಯಿತು ಅಂತ ಮಾವನಿಗೆ ಬರೆಯಬೇಕಾಗಿ ಬಂತು. ಕಾರಣ ಏನು ಅಂತ ಬರೆಯುವ ಹಾಗಿರಲಿಲ್ಲ.

ಆಗ ನಮ್ಮ ಕಡೆ ನಿಶ್ಚಯವಾದ ಹುಡುಗಿಗೆ ಹುಡುಗ ನೇರವಾಗಿ ಕಾಗದ ಬರೆಯುವ ರೂಢಿ ಇರಲಿಲ್ಲ. ನನ್ನ ಕಾಗದಗಳೆಲ್ಲ ಮಾವನ ಹೆಸರಿಗೇ ಹೋಗುತ್ತಿದ್ದವು. 'ತೀರ್ಥರೂಪ ಸಮಾನರಾದ ಮಾವನವರ ಪಾದಗಳಿಗೆ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ' ಅಂತ ಶುರು. ಮಾವ ಅದನ್ನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದರು. ಅತ್ತೆ, ಅಜ್ಜಿ, ಮಕ್ಕಳು, ಪಕ್ಕದ ಮನೆಯವರು, ಎಲ್ಲರೂ ಕೇಳುತ್ತಿದ್ದರು. ಅವಳು ಒಳಗೆ ಬಾಗಿಲ ಹಿಂದೆ. ಅವಳಿಗೆ ಅಂತ ನಾನು ಏನು ಬರೆಯಲು ಸಾಧ್ಯ? ಕೊನೆಯಲ್ಲಿ ಒಂದು ಸಾಲು ಸೇರಿಸುತ್ತಿದ್ದೆ. 'ಹಿತ್ತಲಲ್ಲಿ ನೆಟ್ಟ ಸಸಿಗೆ ನೀರು ಬೀಳುತ್ತಿದೆಯೇ, ತಿಳಿಸುವುದು.' ಆ ಸಸಿಗೆ ನೀರು ಹಾಕುವವಳು ಅವಳೇ ಅಂತ ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಮೂರನೇ ಕಾಗದದ ಹೊತ್ತಿಗೆ ಮಾವನಿಗೂ ಗೊತ್ತಾಯಿತು ಅನ್ನಿಸುತ್ತದೆ.

ಯಾಕೆಂದರೆ ಆಮೇಲೆ ಬಂದ ಉತ್ತರ ಅವಳ ಅಕ್ಷರದಲ್ಲಿತ್ತು. ಮಾವ ಅವಳನ್ನು ಕರೆದು, 'ನನಗೆ ಕೈ ನಡುಗುತ್ತೆ ಕಣಮ್ಮ, ಇನ್ಮೇಲೆ ಕಾಗದ ನೀನೇ ಬರಿ' ಅಂದರಂತೆ. ಅವರ ಕೈ ನಡುಗುತ್ತಿರಲಿಲ್ಲ. ಆಮೇಲೂ ಎಷ್ಟೋ ವರ್ಷ ಅವರೇ ತೆಂಗಿನಕಾಯಿ ಸುಲಿದರು. ಮಗಳಿಗೆ ದಾರಿ ಮಾಡಿಕೊಟ್ಟರು, ಅಷ್ಟೇ. ಆ ದೊಡ್ಡ ಮನಸ್ಸನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಅವಳ ಮೊದಲ ಕಾಗದದ ಮೇಲ್ಗಡೆ ಮೂಲೆಯಲ್ಲಿ ಒಂದು ಪುಟ್ಟ ಸೊನ್ನೆ, ಅದರೊಳಗೆ 1 ಅಂತ ಬರೆದಿತ್ತು. ಕೆಳಗೆ ವಿವರಣೆ: 'ಪ್ರತಿ ಕಾಗದಕ್ಕೂ ನಂಬರ್ ಹಾಕುತ್ತೇನೆ. ನೀವೂ ಹಾಕಿ. ಒಂದು ತಪ್ಪಿದರೂ ಗೊತ್ತಾಗುತ್ತದೆ.' ಎಸ್‌ಎಸ್‌ಎಲ್‌ಸಿ ಓದಿದ ಹಳ್ಳಿ ಹುಡುಗಿಗೆ ಇದು ಹೇಗೆ ಹೊಳೆಯಿತೋ. ನಮ್ಮ ಬ್ಯಾರಕ್ಕಿನಲ್ಲಿ ನಾಲ್ಕೈದು ಜನ ಇದನ್ನು ನೋಡಿ ತಮ್ಮ ಮನೆಗೂ ಹಾಗೇ ಬರೆದು ಹೇಳಿದರು.

ನಂಬರ್ ನಿಜವಾಗಿಯೂ ಬೇಕಾಗಿತ್ತು. ನಮ್ಮ ವಿಳಾಸದಲ್ಲಿ ಊರಿನ ಹೆಸರೇ ಇಲ್ಲ. ಸರ್ವಿಸ್ ನಂಬರ್, ರ‍್ಯಾಂಕ್, ಹೆಸರು, ಯೂನಿಟ್, ಆಮೇಲೆ 'ಕೇರ್ ಆಫ್ 99 ಎಪಿಒ'. ಎಪಿಒ ಅಂದರೆ ಆರ್ಮಿ ಪೋಸ್ಟ್ ಆಫೀಸ್. 99 ಅಂದರೆ ಪೂರ್ವದ ಕಡೆ, 56 ಅಂದರೆ ಪಶ್ಚಿಮ ಮತ್ತು ಉತ್ತರದ ಕಡೆ. ಮಿಕ್ಕಿದ್ದೆಲ್ಲ ಅಂಚೆಯವರಿಗೆ ಮಾತ್ರ ಗೊತ್ತು. ಯೂನಿಟ್ ಎಲ್ಲಿಗೆ ಹೋದರೂ ವಿಳಾಸ ಬದಲಾಗುವುದಿಲ್ಲ, ಅಂಚೆಚೀಲವೇ ಹುಡುಕಿಕೊಂಡು ಬರುತ್ತದೆ. ಹಾಗೆ ಹುಡುಕಿಕೊಂಡು ಬರುವಾಗ ಒಮ್ಮೆ 8 ದಿನ, ಒಮ್ಮೆ 15 ದಿನ. 9ನೇ ಕಾಗದ ಬಂದ ಎರಡು ದಿನದ ಮೇಲೆ 7 ಬರುತ್ತಿತ್ತು. 9ರಲ್ಲಿ ಅಜ್ಜಿ ಎದ್ದು ಓಡಾಡುತ್ತಿದ್ದಾರೆ ಅಂತ ಓದಿ, ಆಮೇಲೆ 7ರಲ್ಲಿ ಅಜ್ಜಿ ಜಾರಿ ಬಿದ್ದರು ಅಂತ ಓದಿದ್ದು ನೆನಪಿದೆ. ಇನ್ನು ನಾನು ಅವಳಿಗೆ ಬರೆಯುವ ವಿಳಾಸ: ಮನೆ, ಊರು, ತಾಲ್ಲೂಕು, ತುಮಕೂರು ಜಿಲ್ಲೆ, ಮೈಸೂರು ರಾಜ್ಯ. ಪಿನ್‌ಕೋಡ್ ಆಗ ಬಂದೇ ಇರಲಿಲ್ಲ, ಮುಂದಿನ ವರ್ಷ ಆಗಸ್ಟಿನಲ್ಲಿ ಬಂತು. ಕರ್ನಾಟಕ ಅಂತ ಬರೆಯಲು ಇನ್ನೂ ಎರಡು ವರ್ಷ ಕಾಯಬೇಕಿತ್ತು.

ಇನ್‌ಲ್ಯಾಂಡ್ ಲೆಟರ್ ಒಡೆಯುವುದೇ ಒಂದು ಕೆಲಸ. ಈಗಿನವರಿಗೆ ಅದರ ಕಷ್ಟ ಗೊತ್ತಿಲ್ಲ. ಮೂರು ಮಡಿಕೆಯ ಒಂದೇ ಹಾಳೆ. ಅವಳು ಒಂದು ಚೂರು ಜಾಗವನ್ನೂ ಬಿಡುತ್ತಿರಲಿಲ್ಲ. ಹಾಳೆ ತುಂಬಿದ ಮೇಲೆ ಅಂಚಿನಲ್ಲಿ ಅಡ್ಡಡ್ಡ ಬರೆಯುತ್ತಿದ್ದಳು. ಅದೂ ಮುಗಿದರೆ ಗೋಂದು ಹಚ್ಚುವ ಪಟ್ಟಿಯ ಒಳಗಡೆ. ಅವಸರದಲ್ಲಿ ಹರಿದರೆ ಒಂದು ಸಾಲು ಹೋಯಿತು ಅಂತಲೇ ಲೆಕ್ಕ. ಹಾಗೆ ಒಂದು ಸಲ ಹೋಯಿತು. 'ನನಗೆ ರಾತ್ರಿ ಹೊತ್ತು' ಅಂತ ಇದೆ, ಮುಂದಿನದು ಗೋಂದಿನ ಜೊತೆ ಕಿತ್ತು ಬಂದಿತ್ತು. ಎರಡು ದಿನ ಅದೇ ಯೋಚನೆ. ಆಮೇಲಿಂದ ನಾನು ಫೀಲರ್ ಗೇಜ್ ಬಳಸಲು ಶುರು ಮಾಡಿದೆ. ಎಂಜಿನ್ನಿನ ಎರಡು ಭಾಗಗಳ ನಡುವಿನ ಸಂದು ಅಳೆಯುವ ತೆಳ್ಳನೆ ಉಕ್ಕಿನ ಪಟ್ಟಿಗಳು ಅವು. ಅದರಲ್ಲಿ ತೀರಾ ತೆಳುವಾದದ್ದನ್ನು ಚೆನ್ನಾಗಿ ಒರೆಸಿ, ಮಡಿಕೆಯೊಳಗೆ ತೂರಿಸಿ, ಮೆಲ್ಲಗೆ ಜರುಗಿಸಿದರೆ ಅಂಟು ಹಾಗೇ ಬಿಟ್ಟುಕೊಳ್ಳುತ್ತಿತ್ತು. ಒಂದು ಅಕ್ಷರವೂ ಹಾಳಾಗುತ್ತಿರಲಿಲ್ಲ.

ನನ್ನ ಕಾಗದದ ಬಗ್ಗೆ ಅವಳು ಬರೆದ ಒಂದು ಮಾತು ನನಗೆ ಬಾಯಿಪಾಠ. 'ನಿಮ್ಮ ಕಾಗದ ಸೀಮೆಎಣ್ಣೆ ವಾಸನೆ ಬರುತ್ತದೆ. ನಾನು ಬುಡ್ಡಿ ದೀಪದಲ್ಲಿ ಓದುತ್ತೇನೆ. ವಾಸನೆ ದೀಪದ್ದೋ ಕಾಗದದ್ದೋ ಅಂತ ದೀಪ ಆರಿಸಿ ನೋಡಿದೆ. ಕಾಗದದ್ದೇ.' ಜೆಟ್ ವಿಮಾನಕ್ಕೆ ಹಾಕುವ ಇಂಧನ ಒಂದು ಬಗೆಯ ಸೀಮೆಎಣ್ಣೆಯೇ. ದಿನವಿಡೀ ಅದರಲ್ಲೇ ಕೈ. ಎಷ್ಟು ಸೋಪು ಹಾಕಿ ತೊಳೆದರೂ ಉಗುರಿನ ಸಂದಿಯಲ್ಲಿ ಉಳಿಯುತ್ತಿತ್ತು. ಟೂಲ್ ಬಾಕ್ಸಿನ ಮುಚ್ಚಳದ ಮೇಲೆ ಇನ್‌ಲ್ಯಾಂಡ್ ಇಟ್ಟು ಬರೆಯುತ್ತಿದ್ದೆ, ಕಾಗದಕ್ಕೆ ಹತ್ತದೆ ಇರುತ್ತದೆಯೇ? ಕ್ಷಮಿಸು, ಇನ್ನು ಮುಂದೆ ಕೈ ಚೆನ್ನಾಗಿ ತೊಳೆದು ಬರೆಯುತ್ತೇನೆ ಅಂತ ಉತ್ತರ ಹಾಕಿದೆ. 'ಬೇಡ, ಹಾಗೇ ಬರೆಯಿರಿ' ಅಂತ ಬಂತು.

ಏನು ಬರೆಯಬಾರದು ಅಂತ ನಮಗೆ ಖಡಕ್ಕಾಗಿ ಹೇಳಿದ್ದರು. ಜಾಗದ ಹೆಸರು, ವಿಮಾನದ ಹೆಸರು, ಎಷ್ಟಿವೆ, ಎಲ್ಲಿಗೆ ಹೋದವು, ಯಾವಾಗ ಬಂದವು, ಯಾವುದೂ ಕೂಡದು. ಕಾಗದ ತೆರೆದು ನೋಡಬಹುದು ಅಂತಲೂ ಹೇಳಿದ್ದರು. ಅದು ಸರಿಯೇ, ಯುದ್ಧದ ಕಾಲದಲ್ಲಿ ಹಾಗೇ ಇರಬೇಕು. ಆದರೆ ಕೆಲಸ, ಜಾಗ, ಜೊತೆಯ ಜನ ಇಷ್ಟನ್ನು ತೆಗೆದುಬಿಟ್ಟರೆ ಏನು ಉಳಿಯಿತು? ಹವೆ, ಊಟ, ಆರೋಗ್ಯ. ಹಾಗಾಗಿ ನಾನು ಚಿಕ್ಕ ಚಿಕ್ಕದ್ದನ್ನು ನೋಡಲು ಕಲಿತೆ. ಮೆಸ್ಸಿನ ಸಾಸಿವೆ ಎಣ್ಣೆಯ ಪಲ್ಯ, ರಾಗಿಮುದ್ದೆ ಸಿಗದೆ ಹೊಟ್ಟೆ ತುಂಬಿದ ಹಾಗೆ ಆಗದೇ ಇರುವುದು, ಬೆಳಗಿನ ಮಂಜು. ಅವಳು ರಾಗಿ ಕೊಯ್ಲು, ಕಣ, ಅಟ್ಟದಲ್ಲಿ ಒಣಗುತ್ತಿರುವ ಕೊಬ್ಬರಿಯ ಬಗ್ಗೆ ಬರೆಯುತ್ತಿದ್ದಳು. ಒಂದು ಕಾಗದದಲ್ಲಿ ಅರ್ಧ ಹಾಳೆ ಬರೀ ಅವರೆಕಾಯಿ. ಓದುತ್ತಿದ್ದರೆ ಆ ಸೊಗಡು ಮೂಗಿಗೆ ಬಂದ ಹಾಗಾಗುತ್ತಿತ್ತು.

ನವೆಂಬರ್ ತಿಂಗಳ ಕೊನೆಯ ಹೊತ್ತಿಗೆ ಅವಳ ಕಾಗದದ ಮೇಲೆ ಇನ್ನೊಂದು 5 ಪೈಸೆ ಸ್ಟಾಂಪ್ ಕಾಣಿಸಿತು. 15 ಪೈಸೆಯ ಇನ್‌ಲ್ಯಾಂಡಿಗೆ ಅದು ಜಾಸ್ತಿ. ನವೆಂಬರ್ 15ರಿಂದ ಸರ್ಕಾರ, ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ, ಓಡಿಬಂದ ನಿರಾಶ್ರಿತರ ಪರಿಹಾರಕ್ಕೆ ಅಂತ ಅಂಚೆಗೆ 5 ಪೈಸೆ ತೆರಿಗೆ ಹಾಕಿತ್ತು. ಮೊದಲು ಇದ್ದ ಸ್ಟಾಂಪಿನ ಮೇಲೇ 'ರೆಫ್ಯೂಜಿ ರಿಲೀಫ್' ಅಂತ ಅಚ್ಚು ಹಾಕಿದ್ದರು. ಡಿಸೆಂಬರಿನಲ್ಲಿ ನಿರಾಶ್ರಿತರ ಚಿತ್ರ ಇರುವ ಬೇರೆ ಸ್ಟಾಂಪೇ ಬಂತು. ಅವಳು ಕೇಳಿದ್ದಳು, 'ಇದು ಯಾರಿಗೆ ಹೋಗುವ ದುಡ್ಡು? ಪೋಸ್ಟ್ ಮಾಸ್ಟರನ್ನು ಕೇಳಿದರೆ ಬಂಗಾಳದ ಜನಕ್ಕೆ ಅಂದರು. ನೀವು ಅವರನ್ನು ನೋಡಿದ್ದೀರಾ?'

ನೋಡಿದ್ದೆ. ದಮ್ ದಮ್ ನಿಲ್ದಾಣದ ಪಕ್ಕದಲ್ಲೇ ಜೆಸ್ಸೋರ್ ರಸ್ತೆ. ಗಡಿಯಿಂದ ಕಲ್ಕತ್ತೆಗೆ ಬರುವ ದಾರಿ ಅದು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಮಗು, ಕೈಯಲ್ಲಿ ಒಂದು ಪಾತ್ರೆ, ಹೀಗೆ ನಡೆದು ಬರುವ ಜನ. ಆ ವರ್ಷ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಬಂದರು ಅಂತ ಲೆಕ್ಕ. ಹತ್ತಿರದ ಸಾಲ್ಟ್ ಲೇಕ್‌ನಲ್ಲಿ ದೊಡ್ಡ ಶಿಬಿರ. ಚರಂಡಿಗೆ ಅಂತ ತಂದಿಟ್ಟಿದ್ದ ದೊಡ್ಡ ಸಿಮೆಂಟ್ ಪೈಪುಗಳ ಒಳಗೆ ಸಂಸಾರಗಳು ಇದ್ದವು. ಒಂದು ಪೈಪಿನ ಬಾಯಿಗೆ ಸೀರೆ ಕಟ್ಟಿ ಬಾಗಿಲು ಮಾಡಿಕೊಂಡಿದ್ದರು. ಅದರ ಮುಂದೆ ಒಬ್ಬ ಹೆಂಗಸು ನೆಲ ಸಾರಿಸುತ್ತಿದ್ದಳು. ಮನೆ ಮುಂದೆ ಸಾರಿಸುವ ಹಾಗೇ. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ. ಇದನ್ನು ಬರೆಯಬಹುದೋ ಬೇಡವೋ ಅಂತ ತುಂಬ ಯೋಚಿಸಿದೆ. ಊರಿನ ಹೆಸರು ಹಾಕದೆ, ಸಾರಿಸುವ ಹೆಂಗಸನ್ನು ಮಾತ್ರ ಬರೆದೆ. ಮುಂದಿನ ಕಾಗದದಲ್ಲಿ ಅವಳು ಆ 5 ಪೈಸೆ ಸ್ಟಾಂಪನ್ನು ತುಂಬ ನೆಟ್ಟಗೆ, ಅಂಚಿಗೆ ಸರಿಯಾಗಿ ಅಂಟಿಸಿದ್ದಳು. ಅದಕ್ಕೆ ಮುಂಚೆ ಯಾವ ಸ್ಟಾಂಪನ್ನೂ ಅಷ್ಟು ಜೋಪಾನವಾಗಿ ಅಂಟಿಸಿರಲಿಲ್ಲ.

ನವೆಂಬರ್ 22, ಸೋಮವಾರ. ಮಧ್ಯಾಹ್ನ ಮೂರಕ್ಕೆ ಸ್ವಲ್ಪ ಮುಂಚೆ ನಮ್ಮ ನಾಲ್ಕು ನ್ಯಾಟ್‌ಗಳು ಹಾರಿದವು. ಗಡಿಯ ಹತ್ತಿರ ಬೊಯ್ರಾ ಅನ್ನುವ ಕಡೆ ಪಾಕಿಸ್ತಾನದ ಸೇಬರ್ ವಿಮಾನಗಳು ಒಳಗೆ ಬಂದಿದ್ದವು. ನಾವು ನೆಲದಲ್ಲಿ ಕಾಯುತ್ತಿದ್ದೆವು. ಕಾಯುವಾಗ ಮಾತು ಬರುವುದಿಲ್ಲ, ಕೈಯಲ್ಲಿದ್ದ ಬಟ್ಟೆಯಲ್ಲಿ ಒರೆಸಿದ್ದನ್ನೇ ಒರೆಸುತ್ತಿದ್ದೆ. ನಾಲ್ಕೂ ವಾಪಸ್ ಬಂದವು. ಎಣಿಸಿ, ಮತ್ತೆ ಎಣಿಸಿದೆ. ಮ್ಯಾಸಿ, ಗಣಪತಿ, ಲಜಾರಸ್ ಮೂವರೂ ಶತ್ರು ವಿಮಾನಗಳನ್ನು ಹೊಡೆದಿದ್ದರು. ಇಬ್ಬರು ಪಾಕಿಸ್ತಾನಿ ಪೈಲಟ್‌ಗಳು ಪ್ಯಾರಾಚೂಟಿನಲ್ಲಿ ನಮ್ಮ ಕಡೆ ಇಳಿದು ಸೆರೆ ಸಿಕ್ಕಿದ್ದರು. ಆ ಮೂವರಿಗೂ ಆಮೇಲೆ ವೀರಚಕ್ರ ಬಂತು. ಗಣಪತಿಯವರು ನಮ್ಮ ಕೊಡಗಿನವರು. ಆ ದಿನ ಯಾರಿಗಾದರೂ ಕನ್ನಡದಲ್ಲಿ ಹೇಳಬೇಕು ಅಂತ ನನ್ನ ಎದೆ ತುಂಬಿ ಬಂದಿತ್ತು. ಹೇಳುವ ಹಾಗಿರಲಿಲ್ಲ. ಆ ರಾತ್ರಿ ಬರೆದ ಕಾಗದದಲ್ಲಿ ಇದ್ದದ್ದು ಇಷ್ಟೇ, 'ಇವತ್ತು ತುಂಬ ಒಳ್ಳೆಯ ದಿನ. ಯಾಕೆ ಅಂತ ಎದುರಿಗೆ ಸಿಕ್ಕಾಗ ಹೇಳುತ್ತೇನೆ.'

ನಾನು ಹೇಳುವ ಮೊದಲೇ ಪೇಪರಿನವರು ಹೇಳಿಬಿಟ್ಟರು. ಅವಳ ಕಾಗದ ಬಂತು. 'ಪೇಪರಿನಲ್ಲಿ ನ್ಯಾಟ್ ಅಂತ ಬಂದಿದೆ. ಕೊಡಗಿನವರೊಬ್ಬರ ಹೆಸರೂ ಇದೆ. ನೀವು ಕೆಲಸ ಮಾಡುವುದು ಅದರಲ್ಲೇ ಅಲ್ವಾ ಭಾವ?' ಹೌದು ಅನ್ನಲೂ ಆಗದು, ಅಲ್ಲ ಅಂತ ಸುಳ್ಳು ಹೇಳಲು ಮನಸ್ಸಿಲ್ಲ. ಕೊನೆಗೆ ನಮ್ಮ ಹಳೆಯ ಸಾಲನ್ನೇ ಬರೆದೆ, 'ಹಿತ್ತಲಿನ ಸಸಿ ಹೇಗಿದೆ?' ಅವಳಿಗೆ ಅರ್ಥವಾಯಿತು. 'ಸಸಿ ಚೆನ್ನಾಗಿದೆ. ನನಗೆ ಉತ್ತರ ಸಿಕ್ಕಿತು' ಅಂತ ಬರೆದಳು.

ಡಿಸೆಂಬರ್ 3, ಶುಕ್ರವಾರ ಸಂಜೆ ಪಾಕಿಸ್ತಾನ ಪಶ್ಚಿಮದ ನಮ್ಮ ವಿಮಾನ ನೆಲೆಗಳ ಮೇಲೆ ಬಾಂಬ್ ಹಾಕಿತು. ಇಂದಿರಾ ಗಾಂಧಿಯವರು ಅವತ್ತು ಕಲ್ಕತ್ತೆಯಲ್ಲೇ ಇದ್ದರು. ರಾತ್ರಿ ದೆಹಲಿಗೆ ಹಿಂದಿರುಗಿ, ಮಧ್ಯರಾತ್ರಿಯ ಮೇಲೆ ರೇಡಿಯೋದಲ್ಲಿ ಮಾತಾಡಿದರು. ನಾವು ಕೆಲಸ ಮಾಡುತ್ತಲೇ ಕೇಳಿಸಿಕೊಂಡೆವು. ಊರೆಲ್ಲ ಕತ್ತಲೆ. ಕಾರು ಲಾರಿಗಳ ದೀಪಕ್ಕೆ ಅರ್ಧ ಕಪ್ಪು ಬಣ್ಣ. ಅಲ್ಲಿಂದ ಮುಂದೆ ಹಗಲು ರಾತ್ರಿಯ ಲೆಕ್ಕ ಇರಲಿಲ್ಲ. ವಿಮಾನ ಇಳಿಯಿತು, ಇಂಧನ ತುಂಬು, ಎಂಜಿನ್ ನೋಡು, ಸಹಿ ಹಾಕು, ಮತ್ತೆ ಕಳಿಸು.

ಆಗ ನಾನು ಒಂದು ತಪ್ಪು ಮಾಡಿದೆ. ಯುದ್ಧ ಶುರುವಾದ ಸುದ್ದಿ ರೇಡಿಯೋದಲ್ಲಿ ಕೇಳಿ ಮನೆಯವರು ಗಾಬರಿಯಾಗಿರುತ್ತಾರೆ, ಕಾಗದ ತಲುಪಲು ಎಷ್ಟು ದಿನವೋ, ಅದಕ್ಕೇ ಟೆಲಿಗ್ರಾಂ ಕೊಡೋಣ ಅನ್ನಿಸಿತು. ಹೊರಗೆ ಹೋಗುತ್ತಿದ್ದ ಒಬ್ಬ ಗೆಳೆಯನ ಕೈಯಲ್ಲಿ ದುಡ್ಡು ಕೊಟ್ಟು ಮಾವನ ಹೆಸರಿಗೆ ಕಳಿಸಿದೆ. 'ಸೇಫ್. ಡೋಂಟ್ ವರಿ. ಲೆಟರ್ ಫಾಲೋಸ್.' ಅಷ್ಟೇ ಮಾತು. ಒಳ್ಳೆಯದೇ ಮಾಡಿದೆ ಅಂತ ಅವತ್ತು ನೆಮ್ಮದಿಯಾಗಿದ್ದೆ.

ಅಲ್ಲಿ ಆದದ್ದು ಬೇರೆ. ಊರಿನಲ್ಲಿ ತಂತಿ ಆಫೀಸು ಇಲ್ಲ, ಪಟ್ಟಣದಿಂದ ಸೈಕಲ್ಲಿನಲ್ಲಿ ಬರಬೇಕು. ನಮ್ಮ ಹಳ್ಳಿಗಳಲ್ಲಿ ತಂತಿ ಬಂತು ಅಂದರೆ ಒಂದೇ ಅರ್ಥ. ಅದರಲ್ಲೂ ಮಿಲಿಟರಿಗೆ ಹುಡುಗನನ್ನು ಕಳಿಸಿದ ಮನೆಗೆ, ಯುದ್ಧದ ಸಮಯದಲ್ಲಿ. ಆ ಮನುಷ್ಯ ಬಾಗಿಲಲ್ಲಿ ನಿಂತು ಮಾವನ ಹೆಸರು ಹೇಳಿ 'ತಂತಿ' ಅಂದನಂತೆ. ಅಷ್ಟಕ್ಕೇ ಅಜ್ಜಿ ಎದೆ ಬಡಿದುಕೊಂಡು ಅಳಲು ಶುರು ಮಾಡಿದರು. ಅತ್ತೆ ಕೂಗಿಕೊಂಡರು. ಬೀದಿಯ ಜನ ಸೇರಿದರು. ಮಾವ ಲಕೋಟೆ ಹಿಡಿದು ಕೂತುಬಿಟ್ಟರಂತೆ, ಒಡೆಯಲಿಲ್ಲ. ಒಳಗಿರುವುದು ಇಂಗ್ಲಿಷು, ಮೇಷ್ಟ್ರನ್ನು ಕರೆದುಕೊಂಡು ಬನ್ನಿ ಅಂತ ಯಾರೋ ಸ್ಕೂಲಿಗೆ ಓಡಿದರು. ಆಗ ಅವಳು ಹೊರಗೆ ಬಂದು ಅಪ್ಪನ ಕೈಯಿಂದ ಅದನ್ನು ತೆಗೆದುಕೊಂಡಳು. ಅಷ್ಟು ಜನರ ಎದುರಿಗೆ ನಿಂತು ಒಡೆದು ಓದಿದಳು. 'ಚೆನ್ನಾಗಿದ್ದಾರಂತೆ. ಕಾಗದ ಬರುತ್ತಂತೆ' ಅಂತ ಹೇಳಿ, ಅಲ್ಲೇ ಕಂಬ ಹಿಡಿದು ಕೆಳಗೆ ಕೂತಳು.

ಇದನ್ನು ಅವಳು ನನಗೆ ಒಂದೇ ಸಾಲಿನಲ್ಲಿ ಬರೆದಿದ್ದಳು. 'ಇನ್ನು ಮುಂದೆ ಎಂಥ ಒಳ್ಳೆಯ ಸುದ್ದಿ ಇದ್ದರೂ ತಂತಿ ಕೊಡಬೇಡಿ. ಬರೀ ನಂಬರ್ ಹಾಕಿ ಖಾಲಿ ಕಾಗದ ಕಳಿಸಿದರೂ ಸಾಕು, ನಿಮ್ಮ ಕೈ ಬರಹ ನೋಡುತ್ತೇನೆ.' ಪೂರ್ತಿ ಕಥೆ ಗೊತ್ತಾಗಿದ್ದು ಆಮೇಲೆ, ಅತ್ತೆಯ ಬಾಯಿಂದ. ಕೇಳಿದಾಗ ನನಗೆ ಆದ ಸಂಕಟ ಹೇಳಲಾರೆ. ಮಾವ ಆ ಲಕೋಟೆ ಹಿಡಿದು ಕೂತ ಆ ಹತ್ತು ನಿಮಿಷವನ್ನು ಅವರಿಗೆ ಕೊಟ್ಟವನು ನಾನೇ ಅಲ್ವಾ.

ಅವಳು ಹೇಳಿದ ಹಾಗೇ ಮಾಡಿದೆ. ಡಿಸೆಂಬರಿನ ಆ ಎರಡು ವಾರ ಉದ್ದ ಬರೆಯಲು ಹೊತ್ತೇ ಇರಲಿಲ್ಲ. ಟಾರ್ಚಿನ ಗಾಜಿಗೆ ಕಂದು ಕಾಗದ ಅಂಟಿಸಿ, ಆ ಮಂಕು ಬೆಳಕಿನಲ್ಲಿ ಎರಡು ಸಾಲು. ನಂಬರ್ 11: 'ಊಟ ಆಯಿತು. ಚಳಿ ಇದೆ.' ನಂಬರ್ 12: 'ನಿದ್ದೆ ಬರುತ್ತಿದೆ, ನಾಳೆ ಬರೆಯುತ್ತೇನೆ.' ನಂಬರ್ 13ರಲ್ಲಿ ಅಕ್ಷರ ಅಡ್ಡಾದಿಡ್ಡಿ ಹೋಗಿದೆ, ಕೂತಲ್ಲೇ ತೂಕಡಿಸಿದ್ದೆ. ಅವೆಲ್ಲ ಈಗಲೂ ನಮ್ಮ ಟ್ರಂಕಿನಲ್ಲಿವೆ. ಓದಲು ಏನೂ ಇಲ್ಲ. ಆದರೆ ಹೆಚ್ಚು ಮಡಿಸಿ ಬಿಚ್ಚಿ, ಮಡಿಕೆಯಲ್ಲಿ ತೂತು ಬಿದ್ದಿರುವುದು ಆ ಎರಡು ಸಾಲಿನ ಕಾಗದಗಳೇ.

16ನೇ ತಾರೀಖು ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು. ಮಾರನೇ ದಿನ ಪಶ್ಚಿಮದಲ್ಲೂ ಕದನ ನಿಂತಿತು. ನಾವು ಹ್ಯಾಂಗರಿನಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡೆವು. ಆಮೇಲೆ ನಾನು ಎಷ್ಟು ಹೊತ್ತು ಮಲಗಿದೆನೋ ನನಗೇ ಗೊತ್ತಿಲ್ಲ.

ಜನವರಿಯಲ್ಲಿ ರಜೆ ಸಿಕ್ಕಿತು. ಹೌರಾದಿಂದ ಮದ್ರಾಸ್ ಮೇಲ್, ಮದ್ರಾಸಿನಿಂದ ಬೆಂಗಳೂರು, ಅಲ್ಲಿಂದ ತಿಪಟೂರು. ಸಂಕ್ರಾಂತಿ ಕಳೆದು ನಾಲ್ಕು ದಿನವಾಗಿತ್ತು. ನನಗೆ ಅಂತ ಒಂದು ಡಬ್ಬಿಯಲ್ಲಿ ಎಳ್ಳು ಬೆಲ್ಲ ತೆಗೆದಿಟ್ಟಿದ್ದಳು. ಅಜ್ಜಿ ನನ್ನ ಮುಖ, ಭುಜ, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದರು. ಹಿತ್ತಲಿಗೆ ಹೋಗಿ ಸಸಿ ನೋಡಿದೆ, ಹೊಸ ಗರಿ ಬಿಟ್ಟಿತ್ತು. ಮಾವ ಮದುವೆಯ ಮಾತು ಎತ್ತಿದರು. ಆ ಮೇ ತಿಂಗಳಲ್ಲಿ ಮದುವೆ ಆಯಿತು.

ನಾನು ಅಲ್ಲಿದ್ದ ಐದನೇ ದಿನವೋ ಆರನೇ ದಿನವೋ, ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆ. ಅಂಚೆಯವನು ಬಂದು ಒಂದು ಇನ್‌ಲ್ಯಾಂಡ್ ಕೊಟ್ಟು ನನ್ನ ಮುಖವನ್ನೇ ನೋಡಿದ. ನನ್ನದೇ ಕಾಗದ. ನಂಬರ್ 14, ಡಿಸೆಂಬರ್ 13ರಂದು ಬರೆದದ್ದು. ಎಲ್ಲೆಲ್ಲಿ ಸುತ್ತಿತ್ತೋ ಏನೋ. 15 ಮತ್ತು 16 ಆಗಲೇ ಬಂದಿದ್ದವು, ಇದೊಂದು ಬಂದಿಲ್ಲ ಅಂತ ಅವಳು ದಿನ ಎಣಿಸುತ್ತಿದ್ದಳು.

ಒಳಗಿನಿಂದ ಬಂದು ಕಾಗದ ತೆಗೆದುಕೊಂಡಳು. ಮೂಗಿನ ಹತ್ತಿರ ಹಿಡಿದು ನೋಡಿದಳು. ಒಡೆಯಲಿಲ್ಲ. ಗೋಡೆಯ ಗೂಡಿನಲ್ಲಿ ಇಟ್ಟಳು.

'ಅದರಲ್ಲಿ ಎರಡೇ ಸಾಲು ಇರೋದು, ಈಗಲೇ ಬೇಕಾದರೆ ಹೇಳ್ತೀನಿ' ಅಂದೆ.

'ಬೇಡ ಭಾವ' ಅಂದಳು. 'ನೀವು ಇಲ್ಲೇ ಇದ್ದೀರಲ್ಲ.'

ರಜೆ ಮುಗಿಸಿ ಕಲೈಕುಂಡಕ್ಕೆ ಹೋದೆ. ಒಂಬತ್ತನೇ ದಿನ ಅವಳ ಕಾಗದ ಬಂತು. ಅಂಚಿನಲ್ಲಿ 5 ಪೈಸೆ ಸ್ಟಾಂಪ್, ಮೂಲೆಯಲ್ಲಿ ಸೊನ್ನೆಯೊಳಗೆ ನಂಬರ್. ಫೀಲರ್ ಗೇಜಿನ ಪಟ್ಟಿ ತೂರಿಸಿ ಮೆಲ್ಲಗೆ ಬಿಡಿಸಿದೆ. ಬರೆದಿದ್ದ ದಿನ ನಾನು ತಿಪಟೂರಿನಲ್ಲಿ ರೈಲು ಹತ್ತಿದ ದಿನವೇ. ಮೊದಲ ಸಾಲು ಹೀಗಿತ್ತು: 'ನೀವು ಡಿಸೆಂಬರ್ 13ರಲ್ಲಿ ಬರೆದ ಕಾಗದ ಇವತ್ತು ಸಂಜೆ ತಲುಪಿತು.'